ದವಡೆ ಬರೆದ ‘ಹಿಂಡು’

ಬೋರ್ಡಿಗೆ ಬರುವವರೆಲ್ಲ ಅವನನ್ನು ದವಡೆ ಎಂದೇ ಕರೆಯುತ್ತಿದ್ದರು. ಹೊಟ್ಟೆಪಾಡಿಗೆ ಅವನು ಹಲ್ಲಿನ ಸೆಟ್ಟು ಮಾಡುತ್ತಿದ್ದ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಹಲ್ಲು ಕೂರಿಸಿ, ಬೇಯಿಸಿ, ಪಾಲಿಶ್ ಮಾಡಿ ವಾಪಸು ಕಳಿಸುವುದು ಅವನ ಕೆಲಸ. ಮನೆಯ ಮುಂದಿನ ಕೋಣೆಯೇ ಅವನ ಲ್ಯಾಬು. ಕಿಟಕಿಯ ಕಟ್ಟೆಯ ಮೇಲೆ ಯಾರ್ಯಾರದೋ ಬಾಯಿಗಳು ಬೆಳ್ಳಗೆ ಒಣಗುತ್ತಾ ಕೂತಿರುತ್ತಿದ್ದವು. ಅದೇ ಕೋಣೆಯ ಮೂಲೆಯಲ್ಲಿ, ಪ್ಲಾಸ್ಟರಿನ ಧೂಳು ಬೀಳದಂತೆ ಹಳೆಯ ದಿಂಬಿನ ಕವರು ಹೊದಿಸಿಕೊಂಡು, ಅವನ ಕಂಪ್ಯೂಟರು ಹಗಲೂ ರಾತ್ರಿ ಗುಂಯ್ಗುಡುತ್ತಿತ್ತು.

ಆ ಕಂಪ್ಯೂಟರಿಗೆ ಮೋಡೆಮ್ಮಿನ ಮೂಲಕ ಮನೆಯ ಫೋನ್ ಲೈನು ಸಿಕ್ಕಿಸಿತ್ತು. ಊರಿನ ಯಾವ ಮೂಲೆಯಿಂದಲಾದರೂ ಇನ್ನೊಂದು ಕಂಪ್ಯೂಟರಿನವರು ಆ ನಂಬರಿಗೆ ಫೋನ್ ಮಾಡಿ ಒಳಗೆ ಬರಬಹುದು. ಉಳಿದವರು ಬರೆದಿಟ್ಟ ಮಾತು ಓದಿ, ತಮ್ಮದನ್ನೂ ಬರೆದಿಟ್ಟು ಹೋಗಬಹುದು. ಅವರು ಹೋದ ಮೇಲೆ ಇನ್ನೊಬ್ಬರ ಸರದಿ. ಇದಕ್ಕೆ ಬುಲೆಟಿನ್ ಬೋರ್ಡು ಅನ್ನುತ್ತಿದ್ದರು. ಶುರು ಮಾಡಿದಾಗ ದವಡೆಗೆ ಅದೊಂದು ಹುಚ್ಚು. ಈಗ ಆ ಹುಚ್ಚು ಬಿಟ್ಟಿತ್ತು, ಚಾಕರಿ ಮಾತ್ರ ಉಳಿದಿತ್ತು.

ಮನೆಯಲ್ಲಿ ಇದ್ದವರು ಅವನು ಮತ್ತು ಅವನ ಅಕ್ಕ, ಇಬ್ಬರೇ. ಭಾವ ತೀರಿಕೊಂಡ ಮೇಲೆ ಅಕ್ಕ ತಮ್ಮನ ಮನೆಗೆ ಬಂದಿದ್ದಳು. “ಫೋನ್ ಇರೋ ಮನೆ ಅಂತ ಬಂದೆ ಕಣೋ. ಎತ್ತಿದ್ರೆ ಸಾಕು, ಯಾರದೋ ಕತ್ತು ಹಿಸುಕಿದ ಹಾಗೆ ಕಿರ್‍ರೋ ಅನ್ನುತ್ತೆ,” ಎಂದು ದಿನಕ್ಕೊಮ್ಮೆ ಅನ್ನದಿದ್ದರೆ ಅವಳಿಗೆ ಸಮಾಧಾನವಿಲ್ಲ.

ದವಡೆಯ ಸುಸ್ತಿಗೆ ಬೋರ್ಡಿಗಿಂತ ದೊಡ್ಡ ಕಾರಣ ಅವನೇ ಬರೆದ ಒಂದು ಪುಟ್ಟ ಪ್ರೋಗ್ರಾಂ. ಬೋರ್ಡಿನ ಮಾತುಗಳೆಲ್ಲ ಒಂದೇ ಫೈಲಿನಲ್ಲಿ ಒಂದರ ಹಿಂದೊಂದು ಕೂತಿರುತ್ತವೆ. ಯಾರಾದರೂ ತಮ್ಮ ಮಾತನ್ನು ಅಳಿಸಿದರೆ ಅದು ನಿಜವಾಗಿ ಅಳಿಯುವುದಿಲ್ಲ. ಇನ್ನೊಂದು ಸಣ್ಣ ಫೈಲಿನಲ್ಲಿ, ಅಂದರೆ ಇಂಡೆಕ್ಸಿನಲ್ಲಿ, ‘ಇದನ್ನು ತೋರಿಸಬೇಡ’ ಎಂದು ಗುರುತು ಬೀಳುತ್ತದೆ, ಅಷ್ಟೇ. ಮಾತು ಮಾತ್ರ ಇದ್ದ ಜಾಗದಲ್ಲೇ ಹೆಣದ ಹಾಗೆ ಬಿದ್ದಿರುತ್ತದೆ. ಹೀಗೆ ಫೈಲು ಊದಿಕೊಂಡು ಡಿಸ್ಕ್ ತುಂಬಿ ಬೋರ್ಡು ನಿಂತುಹೋಗುತ್ತದೆ. ದವಡೆಯ ಪ್ರೋಗ್ರಾಂ ಆ ಸತ್ತ ಮಾತುಗಳನ್ನೆಲ್ಲ ಹೊರಗೆ ಹಾಕಿ, ಉಳಿದವನ್ನು ಒತ್ತೊತ್ತಾಗಿ ಕೂರಿಸುತ್ತಿತ್ತು. ಅದಕ್ಕೆ ಅವನು ‘ಹಿಂಡು’ ಎಂದು ಹೆಸರಿಟ್ಟಿದ್ದ.

“ಹಿಂಡು ಅಂದ್ರೆ ಯಾವುದೋ? ಕುರಿ ಹಿಂಡಾ?” ಎಂದು ಅಕ್ಕ ಕೇಳಿದ್ದಳು.

“ಬಟ್ಟೆ ಹಿಂಡೋದು, ಅಕ್ಕ.”

“ಹೌದಾ? ಬಚ್ಚಲಲ್ಲಿ ನಿನ್ನ ಷರಟು ನೆನೆದು ಕೂತಿದೆ. ಅದನ್ನ ಹಿಂಡು ಮೊದಲು.”

ತನ್ನ ಅನುಕೂಲಕ್ಕೆ ಬರೆದುಕೊಂಡದ್ದನ್ನು ಬೇರೆ ಬೋರ್ಡಿನವರು ಕೇಳಿದರೆಂದು ಪುಕ್ಕಟೆಯಾಗಿ ಹಂಚಿದ. ಅದು ಕೈಯಿಂದ ಕೈಗೆ, ಫ್ಲಾಪಿಯಿಂದ ಫ್ಲಾಪಿಗೆ ಎಲ್ಲೆಲ್ಲಿಗೋ ಹೋಯಿತು. ಪ್ರೋಗ್ರಾಮಿನ ಕೊನೆಯಲ್ಲಿ ‘ದವಡೆ’ ಎಂದು ಬರೆದು ತನ್ನ ಫೋನ್ ನಂಬರು ಹಾಕಿದ್ದೇ ತಪ್ಪಾಯಿತು. ಊಟಕ್ಕೆ ಕೂತಾಗ ಫೋನು, ಮೇಣ ಕರಗಿಸಿಕೊಂಡು ಕೂತಾಗ ಫೋನು. ಹಿಂಡು ನಿಧಾನ ಅಂತ ಒಬ್ಬರು, ಹಿಂಡಿನಲ್ಲಿ ಬಣ್ಣ ಇಲ್ಲ ಅಂತ ಇನ್ನೊಬ್ಬರು. ಎಲ್ಲ ಸರಿಯಿದೆ ಎಂದು ಹೇಳಲು ಮಾತ್ರ ಒಬ್ಬರೂ ಫೋನ್ ಮಾಡಿದ್ದಿಲ್ಲ. ಈ ವರ್ಷ ಕಳೆಯುವುದರೊಳಗೆ ಬೋರ್ಡಿಗೂ ಹಿಂಡಿಗೂ ಕೈಮುಗಿದು ಸಂಜೆ ಹೊತ್ತು ಸುಮ್ಮನೆ ಮಲಗುವುದು ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ.

ಹಾಗಿರುವಾಗ ಒಂದು ಮಧ್ಯಾಹ್ನ ಒಬ್ಬ ಹೆಂಗಸಿನ ಫೋನು ಬಂತು.

“ಹಿಂಡು ಬರೆದೋರು ನೀವೇನಾ ಸಾರ್?”

“ಹೌದು. ಏನಾಗಬೇಕಿತ್ತು?” ಅವನ ಕೈಯಲ್ಲಿ ಅರ್ಧ ಪಾಲಿಶ್ ಆದ ಮೇಲ್ದವಡೆ ಇತ್ತು.

“ಅದು ನಮ್ಮ ಬೋರ್ಡನ್ನ ಪೂರ್ತಿ ನುಂಗಿಹಾಕಿದೆ.”

ಇಂಥ ಫೋನು ಅವನಿಗೆ ಹೊಸದಲ್ಲ. ಕೇಳಬೇಕಾದ್ದನ್ನು ಪಾಠ ಒಪ್ಪಿಸುವ ಹಾಗೆ ಕೇಳಿದ. “ಓಡಿಸೋ ಮೊದಲು ಫೈಲಿನ ಕಾಪಿ ತೆಗೆದಿಟ್ಕೊಂಡ್ರಾ? ಹಾಗೆ ಮಾಡಿ ಅಂತ ನಾನು ಬರೆದಿದೀನಿ.”

“ಎಲ್ಲಿ ತೆಗೆದಿಡ್ಲಿ ಸಾರ್? ಡಿಸ್ಕಲ್ಲಿ ಜಾಗ ಇಲ್ಲ ಅಂತ ತಾನೇ ನಿಮ್ಮ ಹಿಂಡು ತಂದಿದ್ದು? ಜಾಗ ಇದ್ದಿದ್ರೆ ನಾನ್ಯಾಕೆ ಹಿಂಡಕ್ಕೆ ಹೋಗ್ತಿದ್ದೆ?”

ಆ ಮಾತು ದವಡೆಗೆ ಗೊತ್ತಿದ್ದದ್ದೇ. ಮೊದಲಿನ ಹಿಂಡು ಬದುಕಿರುವ ಮಾತುಗಳನ್ನು ಹೊಸ ಫೈಲಿಗೆ ಬರೆದು, ಎಲ್ಲ ಸರಿಹೋದ ಮೇಲೆ ಹಳೆಯದನ್ನು ತೆಗೆಯುತ್ತಿತ್ತು. ಡಿಸ್ಕ್ ಭರ್ತಿಯಾದವರು ನಮಗೇನು ಗತಿ ಎಂದು ಗೋಗರೆದಾಗ ಬೇರೊಂದು ದಾರಿಯನ್ನೂ ಸೇರಿಸಿದ್ದ. ಅದರಲ್ಲಿ ಹೊಸ ಫೈಲಿಲ್ಲ, ಇದ್ದಲ್ಲೇ ಮಾತುಗಳನ್ನು ಮುಂದಕ್ಕೆ ಸರಿಸುವುದು. ಮಾಡುವಾಗಲೇ ಅವನ ಮನಸ್ಸು ಅಳುಕಿತ್ತು. ಆದರೆ ಗೋಗರೆಯುವವರ ಬಾಯಿ ಮುಚ್ಚಿದರೆ ಸಾಕಾಗಿತ್ತು.

“ನಡುವೆ ಕರೆಂಟ್ ಹೋಯ್ತಾ?” ಎಂದು ಮೆಲ್ಲಗೆ ಕೇಳಿದ.

“ಹೋಯ್ತು ಸಾರ್.”

“ಹಾಗಿದ್ರೆ... ಕಷ್ಟ.”

“ಕಷ್ಟ ಅಂತ ನಂಗೂ ಗೊತ್ತು. ನಿಮ್ಮ ಮನೆ ಎಲ್ಲಿ ಹೇಳಿ. ಪೆಟ್ಟಿಗೆ ಎತ್ಕೊಂಡು ಬರ್ತೀನಿ.”

ಬೇಡ ಎನ್ನಲು ಅವನಿಗೊಂದು ನೆಪ ಬೇಕಿತ್ತು. ಹುಡುಕುವುದಕ್ಕೂ ಬೇಸರವಾಗಿ ವಿಳಾಸ ಹೇಳಿದ.

ಮಾರನೆಯ ದಿನವೇ ಅವಳು ಬಂದಳು. ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡಿದ್ದದ್ದನ್ನು ತೆಗೆಯಲೂ ಮರೆತ ಟೈಲರಮ್ಮ. ಕಂಪ್ಯೂಟರನ್ನು ಮಂಚದ ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಉದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಅಕ್ಕ ನೀರು ಕೊಟ್ಟಳು, ಕುರ್ಚಿಯ ಮೇಲಿದ್ದ ಹಲ್ಲುಗಳನ್ನು ಎತ್ತಿಟ್ಟು ಅವಳನ್ನು ಕೂರಿಸಿದಳು.

“ಒಂದು ಬೋರ್ಡು ಹೋದ್ರೆ ಹೋಯ್ತು ಬಿಡಮ್ಮ. ಇದ್ದರೂ ತಲೆನೋವೇ. ನನ್ನ ತಮ್ಮನ್ನ ನೋಡು, ಹೇಗೆ ಸೊರಗಿದಾನೆ,” ಎಂದಳು ಅಕ್ಕ.

“ಬೇರೆಯೋರದಾದ್ರೆ ಬಿಡಬಹುದಿತ್ತು ಅಕ್ಕ. ನಮ್ಮ ಬೋರ್ಡಿಗೆ ಬರೋರಿಗೆ ಯಾರಿಗೂ ಕಿವಿ ಕೇಳಿಸಲ್ಲ.”

ದವಡೆ ತಲೆಯೆತ್ತಿ ನೋಡಿದ.

ಅವಳ ಗಂಡ ಹುಟ್ಟು ಕಿವುಡ, ಪ್ರೆಸ್ಸಿನಲ್ಲಿ ಪುಸ್ತಕದ ಬೈಂಡಿಂಗ್ ಮಾಡುತ್ತಿದ್ದ. ಅವನ ಸ್ನೇಹಿತರೂ ಅಂಥವರೇ. ಒಬ್ಬ ಬಡಗಿ, ಒಬ್ಬ ಫೋಟೋ ಸ್ಟುಡಿಯೋದವನು, ಮಗ್ಗದ ಕೆಲಸ ಬಿಟ್ಟ ಒಬ್ಬಳು ಅಜ್ಜಿ, ಇನ್ನೂ ಕೆಲವರು ಊರಿನ ಒಂದೊಂದು ದಿಕ್ಕಿನಲ್ಲಿ. ಮೊದಲೆಲ್ಲ ಒಬ್ಬರಿಗೊಬ್ಬರು ಒಂದು ಮಾತು ಹೇಳಬೇಕಾದರೆ ಬಸ್ಸು ಹತ್ತಿ ಹೋಗಬೇಕಿತ್ತು. ಹೋದರೆ ಮನೆಯಲ್ಲಿ ಆಳು ಇರುತ್ತಿರಲಿಲ್ಲ. ಇಲ್ಲದಿದ್ದರೆ ಕಿವಿ ಕೇಳುವ ಮಕ್ಕಳನ್ನೋ ಸೊಸೆಯರನ್ನೋ ಬೇಡಿಕೊಂಡು ಫೋನ್ ಮಾಡಿಸಬೇಕು. ಅವರು ಹತ್ತು ಮಾತಿಗೆ ಒಂದು ಮಾತು ಹೇಳಿ ಇಟ್ಟುಬಿಡುತ್ತಿದ್ದರು. ಯಾರೋ ಕೊಟ್ಟ ಹಳೆಯ ಕಂಪ್ಯೂಟರುಗಳನ್ನು ರಿಪೇರಿ ಮಾಡಿಸಿ, ಟೈಲರ್ ಅಂಗಡಿಯ ಫೋನಿಗೆ ಬೋರ್ಡು ಕಟ್ಟಿಕೊಂಡ ಮೇಲೆ ಅವರು ಕಂಡವರ ಮುಖ ನೋಡುವುದು ತಪ್ಪಿತ್ತು.

“ಫೋನು ಬಂದು ಎಷ್ಟು ಕಾಲ ಆಯ್ತು ಸಾರ್! ಇವರ ಪಾಲಿಗೆ ಫೋನು ಬಂದಿದ್ದು ಹೋದ ವರ್ಷ,” ಎಂದಳು ಟೈಲರಮ್ಮ. “ಈಗ ಮತ್ತೆ ಬಾಯಿ ಕಟ್ಟಿದ ಹಾಗೆ ಆಗಿದೆ. ಹೊಸದಾಗಿ ಶುರು ಮಾಡೋಣ ಅಂದ್ರೆ ನಮ್ಮೆಜಮಾನ್ರು ಒಪ್ಪಲ್ಲ. ಅಷ್ಟು ದಿನ ಆಡಿದ ಮಾತು ಎಲ್ಲಿ ಹೋಯ್ತು ಅಂತಾರೆ.”

ಅಕ್ಕ ತಮ್ಮನ ಕಡೆ ತಿರುಗಿದಳು. ಅವನ ಸುಸ್ತಿನ ಬಗ್ಗೆ ಈಗಷ್ಟೇ ಮರುಗಿದವಳೇ, “ಹಾಗೆ ಮರದ ಹಾಗೆ ನಿಂತ್ರೆ? ಪೆಟ್ಟಿಗೆ ಇಸ್ಕೊಳೋ,” ಎಂದಳು.

ಅವನು ಇಸಿದುಕೊಂಡ. ಏನಾಗಿದೆ ಎಂದು ಟೈಲರಮ್ಮ ಕೇಳಿದಾಗ ಬಸ್ಸಿನ ಉದಾಹರಣೆ ಕೊಟ್ಟ. “ಬಸ್ಸಲ್ಲಿ ನಡುನಡುವೆ ಸೀಟು ಖಾಲಿ ಇದೆ ಅನ್ಕೊಳ್ಳಿ. ಹಿಂದಿನೋರು ಒಬ್ಬೊಬ್ಬರಾಗಿ ಎದ್ದು ಮುಂದಕ್ಕೆ ಬಂದು ಕೂತ್ಕೋತಾರೆ. ಅರ್ಧ ಜನ ಕೂತಾಗ ದೀಪ ಆರಿಹೋಯ್ತು. ಮುಂದಿನೋರು ಸರಿಯಾಗಿ ಕೂತಿದಾರೆ, ಹಿಂದಿನೋರು ಅಲ್ಲಲ್ಲೇ ಇದಾರೆ. ಜನ ಎಲ್ಲೂ ಹೋಗಿಲ್ಲ. ಯಾರು ಎಲ್ಲಿ ಅನ್ನೋ ಲೆಕ್ಕ ಮಾತ್ರ ಹೋಗಿದೆ.”

“ಆ ಲೆಕ್ಕ ಯಾಕೆ ಹೋಯ್ತು?”

“ಜಾಗ ಮಾಡ್ಕೊಳಕ್ಕೆ ಹಿಂಡು ಮೊದಲು ಹಳೇ ಇಂಡೆಕ್ಸನ್ನೇ ತೆಗೆದುಹಾಕುತ್ತೆ,” ಎಂದ. “ಹಾಗೆ ಬರೆದೋನು ನಾನೇ. ಹಾಗೆ ಬರೀಬಾರದಿತ್ತು,” ಎಂದೂ ಹೇಳಿದ.

ಟೈಲರಮ್ಮ ಬಯ್ಯಲಿಲ್ಲ. “ಹೋಗ್ಲಿ ಬಿಡಿ. ಕತ್ತರಿ ಹಾಕೋ ಕೈ, ಒಂದೊಂದು ಸಲ ತಪ್ಪುತ್ತೆ. ಹೊಲಿಗೆ ಬರುತ್ತಲ್ಲ, ಹೊಲಿಯಿರಿ,” ಎಂದು ಎದ್ದಳು.

ಆ ವಾರವೆಲ್ಲ ದವಡೆ ಹಲ್ಲಿನ ಕೆಲಸ ಮುಗಿಸಿ, ಕೈಯ ಪ್ಲಾಸ್ಟರ್ ತೊಳೆದು, ಅವಳ ಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಕತ್ತು ಹಿಡಿದುಕೊಂಡಿತ್ತು, ಕಣ್ಣು ಎಳೆಯುತ್ತಿತ್ತು. ಸೆಟ್ಟು ಇನ್ನೂ ಬಂದಿಲ್ಲವೆಂದು ಡಾಕ್ಟರೊಬ್ಬರು ಆಳು ಕಳಿಸಿದರೆ, ಬೇಯಲು ಇಟ್ಟಿದೀನಿ ಎಂದು ಸುಳ್ಳು ಹೇಳಿ ಕಳಿಸಿದ. ಪ್ರತಿ ಮಾತಿನ ತಲೆಯಲ್ಲೂ ಬರೆದವರ ಹೆಸರಿನ ಒಂದು ಗುರುತಿರುತ್ತದೆ. ಫೈಲನ್ನು ಮೊದಲಿಂದ ಕೊನೆಯವರೆಗೆ ಜಾಲಾಡಿ, ಆ ಗುರುತು ಕಂಡಲ್ಲೆಲ್ಲ ಹೊಸ ಲೆಕ್ಕ ಬರೆಯುವ ಇನ್ನೊಂದು ಪ್ರೋಗ್ರಾಂ ಬರೆಯತೊಡಗಿದ. ಬರೆದ, ಕೆಡಿಸಿದ, ಮತ್ತೆ ಬರೆದ. ಅಕ್ಕ ತಟ್ಟೆಯನ್ನು ಅಲ್ಲಿಗೇ ತಂದಿಟ್ಟಳು. ಬೈಗುಳ ಒಂದೂ ಬರಲಿಲ್ಲ. ಅದು ಅವನಿಗೆ ಎಲ್ಲಕ್ಕಿಂತ ವಿಚಿತ್ರವೆನಿಸಿತು.

ಕೊನೆಗೊಂದು ಸಂಜೆ ಅದು ಓಡಿತು. ಮಾತುಗಳೆಲ್ಲ ಸಾಲಾಗಿ ಎದ್ದು ಬಂದವು. ಕರೆಂಟು ಹೋದ ಗಳಿಗೆಯಲ್ಲಿ ಸರಿಯುತ್ತಿದ್ದ ಒಂದು ಮಾತು ಮಾತ್ರ ಅರ್ಧಕ್ಕೆ ಹರಿದಿತ್ತು: ಯಾರೋ ಸೈಕಲ್ ಮಾರಾಟಕ್ಕಿದೆ ಎಂದು ಹಾಕಿದ್ದ ಜಾಹೀರಾತು. ದವಡೆ ಉಸ್ಸೆಂದು ಹಿಂದಕ್ಕೆ ಒರಗಿದ. ಆಮೇಲೆ ಮತ್ತೆ ಮುಂದಕ್ಕೆ ಬಾಗಿ ನೋಡಿ, ತಲೆಯ ಮೇಲೆ ಕೈ ಹೊತ್ತ.

ಎಲ್ಲ ಎಂದರೆ ಎಲ್ಲವೂ ಬಂದಿದ್ದವು. ಫೈಲಿನ ಹಿಂದಿನ ಅರ್ಧದಲ್ಲಿ, ಹಿಂಡು ಇನ್ನೂ ಮುಟ್ಟದಿದ್ದ ಭಾಗದಲ್ಲಿ, ಜನ ಅಳಿಸಿಹಾಕಿದ್ದ ಮಾತುಗಳೂ ಬದುಕಿದ್ದವುಗಳ ನಡುವೆ ಎದ್ದು ಕೂತಿದ್ದವು. ಯಾವುದು ಅಳಿಸಿದ್ದು, ಯಾವುದು ಉಳಿಸಿದ್ದು ಎಂದು ಹೇಳುವ ಇಂಡೆಕ್ಸಂತೂ ಮೊದಲೇ ಅಳಿದುಹೋಗಿತ್ತು. ಓದಿ ನೋಡಿದರೆ ಊಹೆ ಮಾಡಬಹುದಿತ್ತೇನೋ. ಒಂದೆರಡು ಸಾಲು ಕಣ್ಣಿಗೆ ಬಿತ್ತು, ಯಾರೋ ಯಾರನ್ನೋ ಹಿಗ್ಗಾಮುಗ್ಗ ಬೈದದ್ದು. ಅವನು ಪರದೆಯ ಬೆಳಕು ಕಡಿಮೆ ಮಾಡಿ ಎದ್ದುಬಿಟ್ಟ. ಇನ್ನೊಬ್ಬರ ಬಾಯೊಳಗೆ ಕೈ ಹಾಕುವುದು ಅವನ ಕಸುಬಿನ ಡಾಕ್ಟರುಗಳ ಕೆಲಸ, ಅವನದಲ್ಲ.

ಟೈಲರಮ್ಮನಿಗೆ ಫೋನ್ ಮಾಡಿ ಹೇಳಿದ. “ನೀವೇ ಕೂತು ನೋಡಿ ತೆಗೀತೀರಾ?”

“ಅಯ್ಯೋ, ನಾನಾ? ನಾನು ನೋಡಿದ್ರೆ ನಾಳೆಯಿಂದ ಯಾರೂ ನನ್ನ ಅಂಗಡಿ ಮೆಟ್ಟಿಲು ಹತ್ತಲ್ಲ. ತಡೀರಿ, ಯಜಮಾನ್ರನ್ನ ಕೇಳ್ತೀನಿ.” ಫೋನು ಕೆಳಗಿಟ್ಟ ಸದ್ದಾಯಿತು. ಮತ್ತೆ ಅವಳ ದನಿ ಬಂತು. “ರಜಾ ದಿನ ಎಲ್ಲರನ್ನೂ ಅಂಗಡಿಗೆ ಕರೀತಾರಂತೆ. ಅವರವರ ಮಾತು ಅವರವರೇ ನೋಡ್ಕೊಂಡು, ‘ಇರ್ಲಿ’ ಅಂತಲೋ ‘ಬೇಡ’ ಅಂತಲೋ ಹೇಳ್ತಾರಂತೆ. ನೀವೂ ಬರ್ಬೇಕಂತೆ ಸಾರ್.”

ರಜಾ ದಿನ ಮಧ್ಯಾಹ್ನದವರೆಗೆ ಮಲಗುವುದು ಅವನಿಗೆ ಉಳಿದಿದ್ದ ಒಂದೇ ಸುಖ. ಅದಕ್ಕೂ ಎಳ್ಳುನೀರು ಬಿಟ್ಟು, ಪೆಟ್ಟಿಗೆಯನ್ನು ಅದೇ ಹೊದಿಕೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಅಂಗಡಿ ಇಕ್ಕಟ್ಟಾದದ್ದು. ಎರಡು ಹೊಲಿಗೆ ಮಿಷನ್ನು, ಕತ್ತರಿಸುವ ಮೇಜು, ಗೋಡೆಗೆ ನೇತುಹಾಕಿದ ಅರ್ಧ ಕೋಟುಗಳು. ಅಷ್ಟರಲ್ಲೇ ಜನ ಕಿಕ್ಕಿರಿದಿದ್ದರು. ಒಳಗೆ ಕಾಲಿಟ್ಟ ದವಡೆಗೆ ಮೊದಲು ಏನೋ ತಪ್ಪಿದೆ ಅನ್ನಿಸಿತು. ಇಷ್ಟು ಜನ ಸೇರಿದ ಕಡೆ ಇರಬೇಕಾದ ಗದ್ದಲ ಕಿವಿಗೆ ಬೀಳಲಿಲ್ಲ. ಆದರೆ ಕಣ್ಣಿಗೆ ಗದ್ದಲವೋ ಗದ್ದಲ. ಕೈಗಳು ಹಾರುತ್ತಿದ್ದವು, ಹುಬ್ಬುಗಳು ಕುಣಿಯುತ್ತಿದ್ದವು, ಒಬ್ಬರು ಹೇಳುವುದನ್ನು ಇನ್ನೊಬ್ಬರು ಅಡ್ಡಬಂದು ತುಂಡರಿಸುತ್ತಿದ್ದರು. ಯಾರನ್ನಾದರೂ ಕರೆಯಬೇಕಾದರೆ ಕಾಲಿನಿಂದ ಹಲಗೆಯ ನೆಲವನ್ನು ಧಡ್ಡೆಂದು ಗುದ್ದುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಗಂಟಲಿನಿಂದ ಬರುವ ನಗು.

ಬೈಂಡಿಂಗಿನವನು, ಟೈಲರಮ್ಮನ ಗಂಡ, ಜನರನ್ನು ಸರಿಸಿಕೊಂಡು ಬಂದು ಪೆಟ್ಟಿಗೆ ಇಸಿದುಕೊಂಡ. ಅಗಲ ಹೆಗಲಿನ, ಬೆರಳ ತುದಿಯಲ್ಲಿ ಅಂಟು ಒಣಗಿದ ಮನುಷ್ಯ. ಕಂಪ್ಯೂಟರನ್ನು ಎಲ್ಲಿಡುವುದೆಂದು ಮೊದಲೇ ಯೋಚಿಸಿದ್ದ: ಗಿರಾಕಿಗಳು ಬಟ್ಟೆ ಹಾಕಿ ನೋಡುವ ಪುಟ್ಟ ಕೋಣೆಯಲ್ಲಿ, ಕರ್ಟನ್ನಿನ ಹಿಂದೆ. ಒಬ್ಬೊಬ್ಬರೇ ಒಳಗೆ ಬರುವುದು, ಅವರ ಹೆಸರಿನ ಮಾತು ಮಾತ್ರ ದವಡೆ ತೆಗೆದು ತೋರಿಸುವುದು, ಅವರು ಹೆಬ್ಬೆರಳು ಎತ್ತಿದರೆ ಇಡುವುದು, ಇಳಿಸಿದರೆ ಅಳಿಸುವುದು.

ದವಡೆ ಸ್ಟೂಲಿನ ಮೇಲೆ ಕೂತು ಓದಬಾರದೆಂದು ಮುಖ ಆಚೆ ತಿರುಗಿಸಿದರೆ, ಆಚೆ ನಿಲುವುಗನ್ನಡಿ. ಅದರಲ್ಲಿ ಅಕ್ಷರಗಳೆಲ್ಲ ತಿರುಗುಮುರುಗಾಗಿ ಕಾಣುತ್ತಿದ್ದವು, ಅವುಗಳ ಪಕ್ಕದಲ್ಲಿ ಅವನದೇ ಜೋಲು ಮುಖ. ಎಷ್ಟು ಸವೆದಿದ್ದೇನೆ ಎಂದು ಅಂದುಕೊಂಡ.

ಜನ ಬಂದರು, ಹೋದರು. ಕೆಲವರು ಚಕಚಕನೆ ಹೆಬ್ಬೆರಳು ಇಳಿಸಿದರು. ಕೆಲವರು ತಾವು ಅಳಿಸಿದ್ದೇ ನೆನಪಿಲ್ಲದೆ ಹುಬ್ಬೇರಿಸಿದರು. ಅಜ್ಜಿ ಬಹಳ ಹೊತ್ತು ತೆಗೆದುಕೊಂಡಳು. ಅವಳು ಬೋರ್ಡಿಗೆ ಬಂದದ್ದು ಎಲ್ಲರಿಗಿಂತ ತಡವಾಗಿ, ಬರೆಯಲು ಕಲಿತದ್ದೇ ಈ ಬೋರ್ಡಿಗಾಗಿ. ತಪ್ಪಾಯಿತೆಂದು ನಾಚಿಕೊಂಡು ಅಳಿಸಿದ್ದ ಮೊದಮೊದಲ ಮಾತುಗಳು, ಒಂದೇ ಪದ ಮೂರು ಥರ ಬರೆದದ್ದು, ಬರೀ ತನ್ನ ಹೆಸರು ಬರೆದದ್ದು, ಎಲ್ಲ ಎದ್ದು ಬಂದಿದ್ದವು. ಒಂದೊಂದನ್ನೂ ಪರದೆಯ ಹತ್ತಿರ ಕಣ್ಣಿಟ್ಟು ನೋಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ಆಮೇಲೆ ಎಲ್ಲದಕ್ಕೂ ಹೆಬ್ಬೆರಳು ಎತ್ತಿ ಹೊರಟುಹೋದಳು.

ಬಡಗಿಯ ಸರದಿ ಬಂದಾಗ ಕೆಲಸ ಕೆಟ್ಟಿತು. ತನ್ನ ಮಾತನ್ನು ಓದಿ ಅವನು ಕೆಂಪಗಾದ. ಹೆಬ್ಬೆರಳು ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಕರ್ಟನ್ ಸರಿಸಿ ಹೊರಗೆ ಹೋಗಿ, ಫೋಟೋದವನ ರಟ್ಟೆ ಹಿಡಿದು ಎಳೆದುಕೊಂಡೇ ಬಂದ. ಇಬ್ಬರೂ ಆ ಗೂಡಿನೊಳಗೆ ದವಡೆಯ ನೆತ್ತಿಯ ಮೇಲೆ ಬಾಗಿ ಓದಿದರು. ಓದಿ ಮುಗಿಯಿತೋ ಇಲ್ಲವೋ, ಕೈಗಳು ಸಿಡಿಯತೊಡಗಿದವು. ಒಬ್ಬರದೊಂದು ಮೊಣಕೈ ದವಡೆಯ ಕಿವಿಗೆ ಬಡಿಯಿತು, ಇನ್ನೊಂದು ಕನ್ನಡಿಗೆ.

ಟೈಲರಮ್ಮ ಓಡಿಬಂದಳು.

“ಏನಂತಾರೆ?” ಎಂದು ಕಿವಿ ಉಜ್ಜಿಕೊಳ್ಳುತ್ತಾ ದವಡೆ ಕೇಳಿದ.

“ಬೀರು ವಿಷಯ ಸಾರ್. ಬಡಗಿ ಸ್ಟುಡಿಯೋಗೆ ಬೀರು ಮಾಡಿಕೊಟ್ಟ. ಬಾಗಿಲು ಸರಿಯಾಗಿ ಮುಚ್ಕೊಳಲ್ಲ ಅಂತ ಫೋಟೋದವನು ಬೋರ್ಡಲ್ಲಿ ಎಲ್ಲರೆದುರು ಆಡ್ಕೊಂಡ. ಇವನು ಅವನ ವಂಶ ಜಾಲಾಡಿದ. ಆಮೇಲೆ ಇಬ್ಬರಿಗೂ ನಾಚಿಕೆಯಾಗಿ ಅಳಿಸಿದ್ರು. ಆವತ್ತಿಂದ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಎದುರು ಬಂದ್ರೆ ರಸ್ತೆ ದಾಟಿಬಿಡೋರು.”

“ಈಗ ಏನಂತಾರೆ?”

ಅವಳು ಕ್ಷಣ ಅವರ ಕೈಗಳನ್ನು ನೋಡಿದಳು. “ಗೋಡೆನೇ ಸೊಟ್ಟ, ಬೀರು ಸರಿಯಾಗಿದೆ ಅಂತ ಇವನು. ಕಣ್ಣಿದ್ರೆ ಬಂದು ನೋಡು ಅಂತ ಅವನು.”

“ಬಿಡಿಸಬೇಡ್ವಾ?”

“ಬೇಡಿ ಸಾರ್, ಬೇಡಿ! ಜಗಳ ಆಡ್ತಿದಾರಲ್ಲ, ಆಡ್ಲಿ.”

ಅವರಿಬ್ಬರೂ ಗೋಡೆ ಸೊಟ್ಟವೋ ಬೀರು ಸೊಟ್ಟವೋ ನೋಡಿಯೇ ಬಿಡುವುದೆಂದು ಸ್ಟುಡಿಯೋಗೆ ಹೊರಟೇಬಿಟ್ಟರು. ಅಂಗಡಿಯಲ್ಲಿದ್ದವರು ಬಾಗಿಲಿಗೆ ಮುಗಿಬಿದ್ದು, ರಸ್ತೆಯ ನಡುವೆ ಕೈ ಬೀಸಿಕೊಂಡು ಹೋಗುವ ಆ ಜೋಡಿಯನ್ನು ತಿರುವಿನವರೆಗೂ ನೋಡಿದರು. ಬೈಂಡಿಂಗಿನವನು ಕಣ್ಣು ಒರೆಸಿಕೊಂಡ. ಅವರಿಬ್ಬರ ಮಾತು ಇಡಬೇಕೋ ಅಳಿಸಬೇಕೋ ಎಂದು ಯಾರೂ ದವಡೆಗೆ ಹೇಳಲಿಲ್ಲ. ಅವನು ಹಾಗೆಯೇ ಬಿಟ್ಟ. ಸೈಕಲ್ಲಿನ ಅರ್ಧ ಜಾಹೀರಾತಿನವನು ಮಾತ್ರ, ಸೈಕಲ್ಲು ಎಂದೋ ಮಾರಿಹೋಯಿತೆಂದು ಹೆಬ್ಬೆರಳು ಇಳಿಸಿದ.

ಎಲ್ಲ ಮುಗಿಯುವ ಹೊತ್ತಿಗೆ ದವಡೆಯ ಬೆನ್ನು ಸೆಟೆದಿತ್ತು. ಯಾರೂ ಉದ್ದುದ್ದ ಹೊಗಳಲಿಲ್ಲ. ಅವರೆಲ್ಲ ತಮ್ಮ ತಮ್ಮ ಮಾತಿನಲ್ಲಿ ಮುಳುಗಿದ್ದರು. ನಡುವೆ ಬೈಂಡಿಂಗಿನವನು ಎರಡೂ ಮುಷ್ಟಿ ಸೇರಿಸಿ ಒದ್ದೆ ಬಟ್ಟೆ ಹಿಂಡುವಂತೆ ಮಾಡಿ, ಆಮೇಲೆ ಬೆರಳಿನಿಂದ ಕೆನ್ನೆಯ ಕೆಳಗಿನ ಎಲುಬನ್ನು ಸವರಿ ತೋರಿಸಿದ. ಅಜ್ಜಿಯೂ ಹಾಗೇ ಮಾಡಿ ತಲೆಯಾಡಿಸಿದಳು.

“ಅದು ನೀವು ಸಾರ್. ಹಿಂಡಿನ ದವಡೆ. ಹೆಸರು ಇಟ್ಟುಬಿಟ್ರು,” ಎಂದಳು ಟೈಲರಮ್ಮ.

ಅವನೂ ಒಮ್ಮೆ ಮುಷ್ಟಿ ಸೇರಿಸಿ ಹಿಂಡಿ, ಕೆನ್ನೆಯ ಕೆಳಗಿನ ಎಲುಬು ಸವರಿ ನೋಡಿಕೊಂಡ.

ಮನೆಗೆ ಬಂದು ಅವನು ಮಾಡಿದ್ದು ಇಷ್ಟು. ಹಿಂಡಿನಿಂದ ಇದ್ದಲ್ಲೇ ಸರಿಸುವ ದಾರಿಯನ್ನು ಕಿತ್ತುಹಾಕಿ, ಹಳೆಯದನ್ನು ಯಾರೂ ಬಳಸಬೇಡಿ ಎಂದು ಬರೆದು ಹೊಸದನ್ನು ಹಂಚಿದ. ಕೂಡಲೇ ದೂರುಗಳು ಶುರುವಾದವು: ಇದ್ದದ್ದನ್ನೂ ಕಿತ್ತುಕೊಂಡಿರಲ್ಲ ಸ್ವಾಮಿ, ಅಂತ. ಅವನು ಉತ್ತರ ಕೊಡಲು ಹೋಗಲಿಲ್ಲ. ತನ್ನ ಬೋರ್ಡಿನವರಿಗೆ ತಿಂಗಳ ಗಡುವು ಕೊಟ್ಟು ಬೋರ್ಡನ್ನೂ ಮುಚ್ಚಿದ. ಕೆಲವರು ಬೇಜಾರು ಮಾಡಿಕೊಂಡರು, ಹೆಚ್ಚಿನವರು ಬೇರೆ ಬೋರ್ಡು ಹುಡುಕಿಕೊಂಡರು. ಖಾಲಿಯಾದ ತನ್ನ ದೊಡ್ಡ ಡಿಸ್ಕನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ಮತ್ತೊಂದು ರಜಾ ದಿನ ಟೈಲರ್ ಅಂಗಡಿಗೆ ಹೋದ.

ಅದನ್ನು ಜೋಡಿಸಿ, ಮಾತುಗಳನ್ನೆಲ್ಲ ಅದಕ್ಕೆ ಸಾಗಿಸಲು ಹಚ್ಚಿ, ಮುಗಿಯುವ ತನಕ ಕಾಯಬೇಕಿತ್ತು. ಮೂಲೆಯಲ್ಲಿ ಬಟ್ಟೆಯ ಚೂರುಗಳ ರಾಶಿ ಕಂಡಿತು. ಒರಗಿದ್ದಷ್ಟೇ ಗೊತ್ತು. ಮಿಷನ್ನು ಕಟಕಟ ಎನ್ನುತ್ತಿದ್ದರೂ, ಜನ ಬಂದು ಹೋಗುತ್ತಿದ್ದರೂ ಅವನಿಗೆ ಎಚ್ಚರವಿಲ್ಲ.

ನೆಲ ಧಡ್ಡೆಂದು ಅದುರಿದಾಗ ಬೆಚ್ಚಿ ಕಣ್ಣುಬಿಟ್ಟ. ಬಡಗಿ ಎದುರಿಗೆ ನಿಂತು ಎರಡು ಮುಷ್ಟಿ ಹಿಂಡಿ ತೋರಿಸಿ, ಹುಬ್ಬಿನಲ್ಲೇ ಪ್ರಶ್ನೆ ಕೇಳುತ್ತಿದ್ದ. ಅವನ ಹಿಂದೆ ಫೋಟೋದವನು.

“ಮತ್ತೆ ಯಾವಾಗ ಹಿಂಡಬೇಕು ಅಂತ ಕೇಳ್ತಿದಾನೆ,” ಎಂದಳು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತಾ.

ದವಡೆ ಅರೆಗಣ್ಣಿನಲ್ಲೇ ಕಂಪ್ಯೂಟರಿನ ಪರದೆಯ ಕಡೆ ನೋಡಿದ. ಸಾಗಾಟ ಇನ್ನೂ ನಡೆದಿತ್ತು.

“ಸದ್ಯಕ್ಕಂತೂ ಬೇಡ,” ಎಂದ. “ಬೇಕಾದಷ್ಟು ಜಾಗ ಇದೆ, ಬರ್ಕೊಳ್ಳಿ ಅಂತ ಹೇಳಿ.”

ಅವಳು ಕೈಯಲ್ಲಿ ಅದನ್ನು ಹೇಳಿದಳು. ಅವರು ಏನೆಂದರೆಂದು ನೋಡುವಷ್ಟು ಹೊತ್ತು ಅವನ ಕಣ್ಣು ತೆರೆದಿರಲಿಲ್ಲ.